ಕೆಂಪಿಂಡಿಯೊಳಗಿನ ಉಪ್ಪು

ಮೊನ್ನೆ ಗದಗಿನ ಡಾಕ್ಟರು ನನ್ನ ಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಹಸಿ ಗೋಡೆಗೆ ಒತ್ತಿದ ಹಾಗೆ ಗುಂಡಿ ಬಿತ್ತು, ಮೇಲೇಳಲಿಲ್ಲ. ಬಿ.ಪಿ. ಹೆಚ್ಚಾಗಿದೆ, ಮೂತ್ರಪಿಂಡ ದಣಿದಿವೆ ಎಂದು ನೀರು ಇಳಿಸುವ ಒಂದು ಸಣ್ಣ ಗುಳಿಗೆ ಬರೆದರು. ನಾನು ಹೆಚ್ಚು ಶಾಲೆ ಕಲಿತವಳಲ್ಲ, ಆದರೆ ಈ ಗುಳಿಗೆಯ ಕುಲ ನನಗೆ ಗೊತ್ತು. "ಕಿಡ್ನಿ ಸೋತಮ್ಯಾಲೆ ಇದು ನಡೆಯಂಗಿಲ್ಲಲ್ರಿ," ಅಂದೆ.

ಡಾಕ್ಟರು ಕನ್ನಡಕ ಮೇಲೇರಿಸಿದರು. "ಯಾರ ಹೇಳಿದ್ರಬೇ ನಿಮಗ?"

ಯಾರು ಹೇಳಿದರು ಎನ್ನುವುದಕ್ಕೆ ನಮ್ಮ ಅತ್ತೆಯ ವಿಷಯ ಹೇಳಬೇಕು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾನು ಕುರ್ತಕೋಟಿಗೆ ಸೊಸೆಯಾಗಿ ಬಂದೆ. ಅತ್ತೆಯ ತವರು ಲಕ್ಷ್ಮೇಶ್ವರ. ಅದು ರಾಜರ ಸಂಸ್ಥಾನದಲ್ಲಿತ್ತು, ಕುರ್ತಕೋಟಿ ಮುಂಬಯಿ ಪ್ರಾಂತ್ಯದಲ್ಲಿ. ಮುಂದೆ ಸಂಸ್ಥಾನ ಹೋಯಿತು, ಕನ್ನಡ ನಾಡು ಒಂದಾಯಿತು, ಆದರೂ ಆಕೆಯ ಬಾಯಲ್ಲಿ ಗಡಿ ಅಳಿಯಲಿಲ್ಲ. ಬೇಳೆ ಬೇಯದಿದ್ದರೆ, "ನಿಮ್ಮ ಮುಂಬಯಿ ಕಡಿ ಬ್ಯಾಳಿನ ಹಿಂಗ," ಎನ್ನುವಳು. ನಾನೇನು ಮುಂಬಯಿ ಕಂಡವಳೇ? ನನ್ನ ತವರು ಹತ್ತಿರದ ಅಂತೂರು ಬೆಂತೂರು ಎಂಬ ಹಳ್ಳಿ.

ನಾಡು ಒಂದಾದ ಕೆಲವು ವರ್ಷಗಳಿಗೆ ಅತ್ತೆಯ ಕಾಲು ಬಾತವು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲಾಗದು, ನಾಲ್ಕು ಹೆಜ್ಜೆಗೆ ಏದುಸಿರು. ಆಗಿನ ಡಾಕ್ಟರು ಹೊಸದಾಗಿ ಬಂದ ಗುಳಿಗೆ ಕೊಟ್ಟು ತಿಳಿಸಿ ಹೇಳಿದರು. ಮೂತ್ರಪಿಂಡ ರಕ್ತ ಸೋಸುವಾಗ ಉಪ್ಪನ್ನು ಮತ್ತೆ ಮೈಯೊಳಗೆ ಎಳೆದುಕೊಳ್ಳುತ್ತದೆ. ಈ ಗುಳಿಗೆ ಆ ಎಳೆಯುವ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಉಪ್ಪು ಹೊರಗೆ ಹೋದರೆ ನೀರು ಅದರ ಬೆನ್ನು ಹತ್ತಿ ಹೋಗುತ್ತದೆ. ಇಷ್ಟು ಹೇಳಿ ಉಪ್ಪು ಬಿಡಲು ಹೇಳಿದರು.

ಗುಳಿಗೆ ನುಂಗಿದ್ದೇ ನುಂಗಿದ್ದು, ಬಾವು ಇಳಿಯಲಿಲ್ಲ. ಮತ್ತೆ ಗದಗಿಗೆ ಹೋದೆವು.

"ಉಪ್ಪ ಬಿಟ್ಟೀರೇನ್ರಿ?"

"ಹರಳ ಸೈತ ಮುಟ್ಟಿಲ್ರಿ ಸಾಹೇಬ್ರ," ಅಂದಳು ಅತ್ತೆ. "ರೊಟ್ಟಿಗಂತೂ ಹುಟ್ಟಿದಾಗಿಂದ ಉಪ್ಪ ಹಾಕಿದವ್ರಲ್ಲ ನಾವು."

ಅದು ಖರೆ. ಜೋಳದ ರೊಟ್ಟಿಗೆ ನಮ್ಮಲ್ಲಿ ಯಾರೂ ಉಪ್ಪು ಹಾಕುವುದಿಲ್ಲ. ಆದರೆ ಆ ಸಪ್ಪನೆಯ ರೊಟ್ಟಿಗೆ ಮೂರು ಹೊತ್ತೂ ಅತ್ತೆ ಹಚ್ಚಿಕೊಳ್ಳುತ್ತಿದ್ದುದು ಕೆಂಪಿಂಡಿ. ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿ, ವರ್ಷವಿಡೀ ಕೆಡಬಾರದೆಂದು ಬೊಗಸೆ ಬೊಗಸೆ ಉಪ್ಪು ಸುರಿದು ಭರಣಿ ತುಂಬುವ ಚಟ್ನಿ.

"ಅತ್ತೀ, ಹಿಂಡಿ ತಿಂತೀರಲ್ರಿ," ಅಂದೆ.

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದಳು. "ಅದು ಖಾರಲೇ. ಉಪ್ಪ ಹಾಕಿದ್ದು ಎಂದ? ಹೋದ ವರ್ಷ ಕುಟ್ಟುಮುಂದ. ಅದಿನ್ನೂ ಉಳದಿರತೈತೇನು?"

ಡಾಕ್ಟರು ನಗಲಿಲ್ಲ, ಅವರ ಪುಣ್ಯ. "ಅವ್ವಾರ, ಮೊದಲ ನಿಮ್ಮ ಮೂತ್ರಪಿಂಡ ಸೋತಾವ. ಗುಳಿಗಿ ಅಲ್ಲಿ ಮುಟ್ಟೂದ ಕಡಿಮಿ. ಮುಟ್ಟಿದ್ದು ಒಂದಿಷ್ಟು ಉಪ್ಪ ಹೊರಗ ಹಾಕಿದ್ರ, ನೀವು ಮ್ಯಾಲಿಂದ ಸುರದ್ರ ಹೆಂಗ?"

ಮನೆಗೆ ಬಂದು ಅತ್ತೆ ಭರಣಿಯನ್ನು ನನ್ನ ಕಡೆ ಸರಿಸಿದಳು, ಅಷ್ಟೇ. ಮುಂದೆ ಬಾವು ಅರ್ಧ ಇಳಿಯಿತು. ಮತ್ತೆ ಒಲೆಯ ಮುಂದೆ ಕೂತಳು. ಆಕೆಯೆದುರು ಹಿಂಡಿ ಹಚ್ಚಿಕೊಂಡು ತಿನ್ನಲು ನನಗೇ ಮನಸ್ಸಾಗದೆ ನಾನೂ ಬಿಟ್ಟೆ. "ನಿನಗೇನ ರೋಗ ಬಂದೈತಿ? ತಿನ್ನ, ಇಲ್ಲಂದ್ರ ಬಾಯಾಗ ತುರುಕತೀನಿ," ಎಂದು ಬೈದು ತಾನೇ ನನ್ನ ರೊಟ್ಟಿಗೆ ಹಚ್ಚಿಕೊಟ್ಟಳು. ಬೆರಳಿಗೆ ಹತ್ತಿದ್ದನ್ನು ನೆಕ್ಕದೆ ತೊಳೆದುಕೊಂಡಳು. ಎಂಥ ಹಟಮಾರಿ ಹೆಂಗಸು ಎಂದುಕೊಂಡೆ.

ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಡಾಕ್ಟರು, ಮೂತ್ರಪಿಂಡ ಪೂರಾ ಸೋತಿವೆ, ಇನ್ನು ಈ ಗುಳಿಗೆಯಿಂದ ಉಪಯೋಗವಿಲ್ಲ ಎಂದು ನಿಲ್ಲಿಸಿದರು. ಗುಳಿಗೆ ನಿಂತರೂ ಅತ್ತೆ ಹಿಂಡಿ ಕೇಳಲಿಲ್ಲ. ಆ ವರ್ಷವೇ ಹೋದಳು.

ಇದನ್ನೆಲ್ಲ ಕೇಳಿ ಈಗಿನ ಡಾಕ್ಟರು ಹೇಳಿದರು: "ಆಗ ಎಲ್ಲಾರೂ ಹಂಗ ತಿಳಕೊಂಡಿದ್ರಬೇ. ಸೋತ ಕಿಡ್ನಿಗೆ ಗುಳಿಗಿ ಕಡಿಮಿ ಮುಟ್ಟತೈತಿ ಅನ್ನೂದು ಖರೆ. ಆದ್ರ ಮುಟ್ಟತೈತಿ. ಬಿ.ಪಿ. ಇಳಸತೈತಿ ಅಂತ ಈಗ ಗೊತ್ತಾಗೈತಿ. ಆದ್ರ ರಕ್ತದಾಗಿನ ಲವಣ ಏರುಪೇರ ಆಗ್ತಾವ, ಕಿಡ್ನಿನೂ ನೋಡಕೋಂತ ಇರಬೇಕು. ತಪಾಸಣಿ ತಪ್ಪಸಬ್ಯಾಡ್ರಿ."

ಹಾಗಾದರೆ ಗುಳಿಗೆ ನಿಲ್ಲಿಸದಿದ್ದರೆ ಅತ್ತೆಗೆ ಇನ್ನಷ್ಟು ದಿನ ಸಿಗುತ್ತಿದ್ದವೇ ಎಂದು ಕೇಳಿದೆ. ಹೇಳಲಿಕ್ಕೆ ಬರುವುದಿಲ್ಲ ಎಂದರು. ಸುಳ್ಳು ಹೇಳಿ ಸಮಾಧಾನ ಮಾಡಲಿಲ್ಲ, ಅದು ನನಗೆ ಹಿಡಿಸಿತು.

"ಈಗ ನೀವು ಹೇಳ್ರಿ, ಹಿಂಡಿ ಬಿಡ್ತೀರೇನು?"

ಬಾಯಲ್ಲಿ ನೀರೂರಿತು. "ವಾರಕ್ಕ ಒಮ್ಮಿ ನಡೀತೈತೇನ್ರಿ?" ಅಂದೆ. ಅವರು ಇಲ್ಲವೆಂದು ತಲೆಯಾಡಿಸಿದರು. "ಹಬ್ಬಕ್ಕರ?" ಅಂದೆ. ಅದಕ್ಕೂ ಇಲ್ಲ. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವ ಹಾಗೆ ಈ ವಯಸ್ಸಿನಲ್ಲಿ ಕೂತಿದ್ದೆ. ಅತ್ತೆ ಒಂದು ಮಾತೂ ಚೌಕಾಸಿ ಮಾಡಿರಲಿಲ್ಲ.

ಈಗ ಸಪ್ಪನೆಯ ಪಲ್ಯದಲ್ಲಿ ರೊಟ್ಟಿ ಅದ್ದಿ ಅಗಿಯುತ್ತಿದ್ದೇನೆ. ಗಂಟಲಲ್ಲಿ ಇಳಿಯುವುದಿಲ್ಲ. ಇದನ್ನು ಅಷ್ಟು ವರ್ಷ ತಿಂದವಳಿಗೆ ಹಟಮಾರಿ ಎನ್ನಬಾರದು. ಬೇರೆ ಹೆಸರಿರಬೇಕು, ನನಗೆ ಗೊತ್ತಿಲ್ಲ. ಇನ್ನೊಂದು ತುತ್ತು ಮುರಿದುಕೊಂಡೆ.