ಏಳು ಆಕ್ಟನ್, ಒಂದು ತೆನೆ

ಗ್ರೀನ್‌ಫರ್ಡ್ ಸ್ಟೇಷನ್ನಿಗೆ ನಾನು ಬಂದಾಗ ಬೆಳಿಗ್ಗೆ ಹತ್ತೂವರೆ. ಸೆಪ್ಟೆಂಬರಿನ ಶನಿವಾರ, ತೆಳ್ಳಗೆ ಬಿಸಿಲಿತ್ತು, ಆದರೂ ಸ್ವೆಟರ್ ಬಿಚ್ಚುವ ಧೈರ್ಯ ಬರಲಿಲ್ಲ. ದಿನವಿಡೀ ಓಡಾಡುವ ಟಿಕೆಟಿಗೆ ನಾಲ್ಕು ಪೌಂಡಿಗಿಂತ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಉಡುಪಿಯಿಂದ ಬೆಂಗಳೂರಿಗೆ ಹೋಗಿ ಬರಬಹುದಿತ್ತು ಎಂದು ಲೆಕ್ಕ ಹಾಕಿ, ಆಮೇಲೆ ಆ ಲೆಕ್ಕವನ್ನು ಅಲ್ಲೇ ಬಿಟ್ಟೆ. ಲಂಡನ್ನಿನಲ್ಲಿ ರೂಪಾಯಿ ಎಣಿಸುತ್ತ ಕುಳಿತರೆ ಚಹಾ ಕೂಡ ಗಂಟಲಿಗೆ ಇಳಿಯುವುದಿಲ್ಲ. ನೆಲದಡಿಯ ರೈಲು ಎಂದು ಹೆಸರಾದ ಈ ರೈಲಿಗೆ ಗ್ರೀನ್‌ಫರ್ಡಿನಲ್ಲಿ ಮರದ ಎಸ್ಕಲೇಟರ್ ಹತ್ತಿ ಮೇಲಕ್ಕೆ ಹೋಗಬೇಕು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಹೊರಡುವಾಗ ತಂಗಿಯ ಮಗಳು ಸುಧಾ ಬಾಗಿಲವರೆಗೆ ಬಂದಿದ್ದಳು. ಅವಳು ಅಲ್ಲಿಯ ಕೌನ್ಸಿಲ್ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ನಾನು ಅವಳ ಮನೆಗೆ ಒಂದು ತಿಂಗಳಿಗೆಂದು ಬಂದವನು.

"ಮಾಮ, ನಾನೂ ಬರ್ಲಾ? ಯಾವ ಆಕ್ಟನ್ ಅಂತ ಕೇಳಿದ್ದೀರಲ್ಲ?"

"ಆಕ್ಟನ್ ಅಂದ್ರೆ ಆಕ್ಟನ್. ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದವನಿಗೆ ನೀನು ದಾರಿ ತೋರಿಸ್ತೀಯಾ?" ಎಂದೆ. ಅವಳು ನಕ್ಕು ಒಳಗೆ ಹೋದಳು.

ನನ್ನ ಅಂಗಿಯ ಜೇಬಿನಲ್ಲಿ ಒಂದು ಲಕೋಟೆ ಇತ್ತು, ಅದರೊಳಗೆ ಒಂದು ಭತ್ತದ ತೆನೆ. ನಮ್ಮ ಶಂಕರಪುರದಲ್ಲಿ ನೆರೆಮನೆಯ ಜುಲಿಯಾನಾ ಬಾಯಿ ಕೊಟ್ಟದ್ದು. ಸೆಪ್ಟೆಂಬರ್ ಎಂಟಕ್ಕೆ ಕ್ರಿಶ್ಚಿಯನ್ನರ ಮೊಂತಿ ಹಬ್ಬ. ಅಂದು ಇಗರ್ಜಿಯಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದರ ಕಾಳು ಸುಲಿದು ಪುಡಿ ಮಾಡಿ ಹಾಲಿಗೆ ಹಾಕಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಕುಡಿಯಬೇಕು. ಒಬ್ಬರೂ ಬಿಡುವಂತಿಲ್ಲ. ಮಕ್ಕಳು ದೂರದಲ್ಲಿದ್ದರೆ ತೆನೆಯೇ ಅಂಚೆಯಲ್ಲಿ ಅವರಿದ್ದಲ್ಲಿಗೆ ಹೋಗುತ್ತದೆ. ಬಾಯಿಯ ಮಗಳ ಮನೆಯವರು ಊರಲ್ಲೇ ಇದ್ದಾರೆ, ಮಲ್ಲಿಗೆ ಕೃಷಿ, ದಿನವೂ ಗಲಾಟೆ. ಗಂಡುಮಕ್ಕಳಿಬ್ಬರು ಲಂಡನ್ನಿನಲ್ಲಿ. ಹಿರಿಯ ಗಿಲ್ಬರ್ಟ್ ಆಕ್ಟನ್ನಿನಲ್ಲಿ, ಕಿರಿಯ ಲಾರೆನ್ಸ್ ಇಲ್ಫರ್ಡಿನಲ್ಲಿ. ಪ್ರತಿ ವರ್ಷ ಬಾಯಿ ಎರಡು ಲಕೋಟೆ ಕಳಿಸುತ್ತಿದ್ದರು. ಈ ಸಲ ಒಂದೇ.

"ಅರ್ಧ ಮಾಡಿ ಕೊಡ್ಲಿಕ್ಕಿಲ್ಲ ಮಾಸ್ಟ್ರೇ," ಎಂದಿದ್ದರು. "ಇಬ್ಬರೂ ಒಂದೇ ಪಾತ್ರೆಯಿಂದ ಕುಡೀಬೇಕು. ನೀವು ಹೇಳಿದ್ರೆ ಕೇಳ್ತಾರೆ. ನಿಮ್ಮ ಬೆತ್ತ ತಿಂದವರು."

ಅಣ್ಣತಮ್ಮ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದರು. ಕಾರಣ ಕೇಳಿದರೆ ನಗು ಬರುತ್ತದೆ, ಅನುಭವಿಸಿದವರಿಗೆ ನಗು ಬರುವುದಿಲ್ಲ. ಲಾರೆನ್ಸನ ಮದುವೆಯ ಮುನ್ನಾ ದಿನ ಅವನಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ತಂದೆ ಇಲ್ಲದ ಮನೆ, ಅಣ್ಣನೇ ಮೊದಲು ಹಚ್ಚಬೇಕು. ಊರಿಗೆ ಬರುವಾಗ ಗಿಲ್ಬರ್ಟನ ಬಸ್ಸು ತಡವಾಯಿತು. ಬಂದ ನೆಂಟರು ಅವಸರ ಮಾಡಿದರು, ಮನೆಯವರು ಶುರು ಮಾಡಿಬಿಟ್ಟರು. ಗಿಲ್ಬರ್ಟ್ ಬಾಗಿಲಲ್ಲಿ ನಿಂತು ನೋಡಿದವನು ಹಾಗೇ ತಿರುಗಿ ಹೋದ. ಅವನು ಶಾಲೆಯಲ್ಲೂ ಹಾಗೆಯೇ. ತಮ್ಮ ತನ್ನ ಪುಸ್ತಕದಲ್ಲಿ ಒಂದು ಕಾಗುಣಿತ ತಿದ್ದಿದ ಎಂದು ವಾರವಿಡೀ ಅವನೊಡನೆ ಬುತ್ತಿ ಹಂಚಿಕೊಳ್ಳದವನು.

ಲಂಡನ್ನಿಗೆ ಬಂದ ಮರುದಿನ ಇಬ್ಬರಿಗೂ ಫೋನ್ ಮಾಡಿದ್ದೆ. "ಊಟಕ್ಕೇ ಬನ್ನಿ ಮಾಸ್ಟ್ರೇ. ಆಕ್ಟನ್ ಸ್ಟೇಷನ್ನಲ್ಲಿ ಇಳಿದ್ರೆ ಆಯ್ತು, ನಾನು ಹೊರಗೆ ನಿಂತಿರ್ತೇನೆ," ಎಂದ ಗಿಲ್ಬರ್ಟ್. "ಅವನ ಪಾಲು ನೀವೇ ಇಲ್ಫರ್ಡಿಗೆ ಕೊಂಡ್ಹೋಗಿ." ಲಾರೆನ್ಸ್ ಅದಕ್ಕಿಂತ ಚುಟುಕು: "ಅವರು ತಿಂದು ಉಳಿದ್ರೆ ಪೋಸ್ಟ್ ಮಾಡಿ ಮಾಸ್ಟ್ರೇ." ಬೆತ್ತದ ಕಾಲ ಮುಗಿದಿತ್ತು. ಬಾಯಿಗೆ ಕೊಟ್ಟ ಮಾತನ್ನು ಹೇಗೆ ಉಳಿಸಿಕೊಳ್ಳುವುದೋ ತಿಳಿಯದೆ ರೈಲು ಹತ್ತಿದ್ದೆ.

ಪೆರಿವೇಲ್ ದಾಟಿದ ಮೇಲೆ ಬಾಗಿಲ ಮೇಲಿದ್ದ ನಕ್ಷೆ ನೋಡಿದೆ. ನಾರ್ತ್ ಆಕ್ಟನ್ ಕಂಡಿತು. ಪಕ್ಕದಲ್ಲಿ ಈಸ್ಟ್ ಆಕ್ಟನ್, ಈ ಕಡೆ ವೆಸ್ಟ್ ಆಕ್ಟನ್. ಕಿಸೆಯ ಸಣ್ಣ ನಕ್ಷೆ ಬಿಡಿಸಿದರೆ ಇನ್ನೂ ಮೂರು: ಸೌತ್ ಆಕ್ಟನ್, ಆಕ್ಟನ್ ಟೌನ್, ಆಕ್ಟನ್ ಸೆಂಟ್ರಲ್. ಮೊದಲು ಗಾಬರಿಯಾಯಿತು, ಆಮೇಲೆ ನಗು ಬಂತು. ಇದು ನಮ್ಮದೇ ಪದ್ಧತಿ! ತೆಂಕ ಎರ್ಮಾಳು, ಬಡಾ ಎರ್ಮಾಳು, ಮೂಡಬಿದ್ರಿ, ಪಡುಬಿದ್ರಿ. ಊರು ಬೆಳೆದು ಹೆಸರು ಸಾಲದೆ ಹೋದರೆ ದಿಕ್ಕು ಹಚ್ಚುವುದು. ಬರೀ ಹೆಸರು ಹೇಳಿದರೆ ಅದು ಪೇಟೆಯದ್ದು ಎಂದೇ ಅರ್ಥ. ಟೌನ್ ಎಂದರೆ ಪೇಟೆ. ಹಾಗಾದರೆ ಆಕ್ಟನ್ ಟೌನ್. ಇಷ್ಟು ಅಚ್ಚುಕಟ್ಟಾದ ತರ್ಕವನ್ನು ಪರೀಕ್ಷೆಯಲ್ಲಿ ಯಾರಾದರೂ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ನಾರ್ತ್ ಆಕ್ಟನ್ನಿನಲ್ಲಿ ಇಳಿದು ಬೇರೆ ರೈಲು ಹಿಡಿದೆ. ವೆಸ್ಟ್ ಆಕ್ಟನ್ನಿನಲ್ಲಿ ಇಬ್ಬರು ಜಪಾನಿ ತಾಯಂದಿರು ಮಕ್ಕಳ ಸಮೇತ ಹತ್ತಿದರು. ಮಕ್ಕಳು ತಮ್ಮ ಭಾಷೆಯಲ್ಲಿ ಜಗಳವಾಡುತ್ತಿದ್ದವು, ಆಕ್ಟನ್ ಎಂಬ ಮಾತು ಮಾತ್ರ ನನಗೆ ತಿಳಿಯಿತು. ಈಲಿಂಗ್ ಬ್ರಾಡ್‌ವೇಯಲ್ಲಿ ಮತ್ತೆ ರೈಲು ಬದಲಿಸಿ ಆಕ್ಟನ್ ಟೌನ್ ಮುಟ್ಟಿದಾಗ ಹನ್ನೊಂದೂವರೆ. ಹೊರಗೆ ಗಿಲ್ಬರ್ಟ್ ಇರಲಿಲ್ಲ.

ಅರ್ಧ ಗಂಟೆಗೂ ಹೆಚ್ಚು ನಿಂತೆ. ಯಾರನ್ನೂ ಕೇಳಲಿಲ್ಲ. ಅದೊಂದು ಕೆಟ್ಟ ಬುದ್ಧಿ ನನಗೆ, ದಾರಿ ಕೇಳಿದರೆ ಕಿರೀಟ ಬಿದ್ದ ಹಾಗೆ. ಕೊನೆಗೆ ಪೆಟ್ಟಿಗೆ ಫೋನಿನಿಂದ ಗಿಲ್ಬರ್ಟನ ಮನೆಗೆ ಮಾಡಿದರೆ ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಕೈಯಲ್ಲಿ ಉಳಿದದ್ದು ಒಂದೇ ಸಣ್ಣ ನಾಣ್ಯ, ಡೈರಿಯಲ್ಲಿ ಇನ್ನೊಂದೇ ನಂಬರು. ಸುಧಾಳೆದುರು ಸೋಲೊಪ್ಪಲು ಮನಸ್ಸಾಗದೆ ಲಾರೆನ್ಸನಿಗೆ ಮಾಡಿದೆ.

"ಮಾಸ್ಟ್ರೇ? ಎಲ್ಲಿದ್ದೀರಿ?"

"ಆಕ್ಟನ್ನಲ್ಲಿ. ನಿನ್ನ ಅಣ್ಣನ ಸುಳಿವಿಲ್ಲ."

"ಯಾವ ಆಕ್ಟನ್?"

"ಎಲ್ಲರೂ ಇದನ್ನೇ ಕೇಳ್ತೀರಲ್ಲ ಮಾರಾಯ! ಒಂದು ಊರಿನ ಹೆಸರು ಹೇಳಿದ್ರೆ..." ಎಂದು ಬೈಯಲು ಶುರು ಮಾಡಿದೆ. ಬೈಗುಳ ಮುಗಿಯುವ ಮೊದಲು ನಾಣ್ಯ ಮುಗಿಯಿತು. ನಾನು ಯಾವ ಆಕ್ಟನ್ನಿನಲ್ಲಿದ್ದೇನೆ ಎಂಬ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಹೇಳಿದ್ದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿದ್ದಿತ್ತು.

ಬುದ್ಧಿ ಇದ್ದವನು ಅಲ್ಲೇ ನಿಲ್ಲುತ್ತಿದ್ದ. ನಾನು ನಡೆಯತೊಡಗಿದೆ. ಎದುರಿಗೆ ತರಕಾರಿಯ ಕೈಗಾಡಿ ಎಳೆದುಕೊಂಡು ಬರುತ್ತಿದ್ದ ಒಬ್ಬ ಕಪ್ಪು ಅಜ್ಜಿ, ನೇರಳೆ ಟೋಪಿ ಹಾಕಿದವರು, ತಾವಾಗಿಯೇ ನಿಂತು ಇಂಗ್ಲಿಷಿನಲ್ಲಿ ಕೇಳಿದರು: "ಮಗಾ, ಏನೋ ಕಳಕೊಂಡ ಹಾಗಿದೆ?" ಅರುವತ್ತು ದಾಟಿದವನನ್ನು ಮಗಾ ಎಂದದ್ದಕ್ಕೋ ಏನೋ, ಸೊಕ್ಕು ಇಳಿಯಿತು. ಎಲ್ಲ ಹೇಳಿದೆ, ತೆನೆಯನ್ನೂ ತೋರಿಸಿದೆ.

"ಆರಲ್ಲ, ಏಳು ಆಕ್ಟನ್," ಎಂದರು. "ನಿನ್ನ ನಕ್ಷೆಯಲ್ಲಿ ಆಕ್ಟನ್ ಮೇನ್ ಲೈನ್ ಅನ್ನುವ ಸ್ಟೇಷನ್ ಇಲ್ಲ, ಅದು ದೊಡ್ಡ ರೈಲಿನದು. ಎಂಟನೆಯದು ನಾನು." ಅವರು ಜಮೈಕಾದಿಂದ ಮದುವೆಯಾದ ಹೊಸತರಲ್ಲಿ ಬಂದವರು. ಗಂಡನ ಮನೆತನದ ಹೆಸರೇ ಆಕ್ಟನ್. ಯಾವುದೋ ಕಾಲದಲ್ಲಿ ಯಾರೋ ಧಣಿ ಅವರ ಹಿರಿಯರ ಮೇಲೆ ಹೊರಿಸಿದ ಹೆಸರು. "ಹೆಸರು ಹುಡುಕಿ ಬಂದದ್ದಲ್ಲ, ಬಸ್ಸಿನ ಕೆಲಸಕ್ಕೆ ಬಂದೆವು. ಮನೆ ಸಿಕ್ಕಿದ್ದು ಇಲ್ಲಿ. ಮಿಸೆಸ್ ಆಕ್ಟನ್, ಆಕ್ಟನ್ ಅಂತ ಕಾಗದ ಬಂದರೆ ಅಂಚೆಯವನು ನಗುತ್ತಿದ್ದ. ಈಗ ಹೆಸರೂ ನನ್ನದು, ಊರೂ ನನ್ನದು." ಮಾತಾಡುತ್ತ ಕೌನ್ಸಿಲ್ಲಿನ ಎತ್ತರದ ಕಟ್ಟಡಗಳ ನಡುವಿನಿಂದ ಸೌತ್ ಆಕ್ಟನ್ನಿನವರೆಗೆ ನನ್ನನ್ನು ಕರೆತಂದರು. "ಹುಡುಗ ಅಂಗಡಿ, ಚರ್ಚು ಹತ್ತಿರ ಇರುವವನಾದರೆ ಸೆಂಟ್ರಲ್ ಇರಬೇಕು. ಇಲ್ಲಿಂದ ಒಂದೇ ಸ್ಟೇಷನ್ನು. ಅಲ್ಲಿಯೂ ಇಲ್ಲದಿದ್ದರೆ ನನ್ನ ಮನೆಗೆ ಬಾ, ಅನ್ನ ಇದೆ." ರೈಲು ಬರುವವರೆಗೂ ಅವರು ಹೋಗಲಿಲ್ಲ.

ಆಕ್ಟನ್ ಸೆಂಟ್ರಲ್ ನೋಡಿ ನನಗೆ ಖುಷಿಯಾಯಿತು. ಹಳೆಯ ಇಟ್ಟಿಗೆಯ ಸ್ಟೇಷನ್, ಪಕ್ಕದಲ್ಲಿ ರೈಲ್ವೆ ಗೇಟು. ಗೇಟು ಬಿದ್ದರೆ ತಳ್ಳುಗಾಡಿಯ ಮಗು, ಸೈಕಲ್, ನಾಯಿ ಎಲ್ಲ ಸಾಲಾಗಿ ನಿಲ್ಲಬೇಕು. ನಮ್ಮ ಇನ್ನಂಜೆಗೆ ಆಗಷ್ಟೇ ಕೊಂಕಣ ರೈಲು ಬಂದಿತ್ತು, ಅಲ್ಲಿಯ ಜನ ರೈಲು ನೋಡಲು ನಿಲ್ಲುವಂತೆ ಇವರೂ ನಿಂತಿದ್ದರು. ಆದರೆ ಗಿಲ್ಬರ್ಟ್ ಇಲ್ಲಿಯೂ ಇರಲಿಲ್ಲ. ಎದುರಿನ ಅಂಗಡಿಯಲ್ಲಿ ಒಂದು ಚಾಕಲೇಟು ಕೊಂಡು ಚಿಲ್ಲರೆ ಮಾಡಿಸಿ ಫೋನ್ ಮಾಡಿದೆ. ಈ ಸಲ ಗಿಲ್ಬರ್ಟನ ಹೆಂಡತಿ ಡೀನಾ ಎತ್ತಿದಳು.

"ಅಯ್ಯೋ ದೇವರೇ, ಮಾಸ್ಟ್ರೇ! ಸೆಂಟ್ರಲ್ಲಲ್ಲಿ ಉಂಟಾ? ಅಲ್ಲಿಂದ ಒಂದು ಹೆಜ್ಜೆ ಇಡ್ಬೇಡಿ. ಇವರು ಅಲ್ಲೇ ಒಂದು ಗಂಟೆ ನಿಂತು ವಾಪಸ್ ಬಂದ್ರು, ಮಗುವಿನೊಟ್ಟಿಗೆ ಅಂಗಡಿಗೆ ಹೋಗಿದ್ದ ನಾನೂ ಆಗಷ್ಟೇ ಬಂದದ್ದು. ಆಗ ಲಾರೆನ್ಸ್ ಫೋನ್ ಬಂತು."

"ಲಾರೆನ್ಸ್ ಯಾರಿಗೆ ಫೋನ್ ಮಾಡಿದ?"

"ಇವರಿಗೇ!" ಅವಳ ದನಿ ತಗ್ಗಿತು. "ನಾಲ್ಕು ವರ್ಷದ ಮೇಲೆ ಮಾಸ್ಟ್ರೇ. 'ಈಸ್ಟ್ ನಾನು ನೋಡ್ತೇನೆ, ಸೌತ್ ನೀವು ನೋಡಿ' ಅಂತ. ಬೇರೆ ಎಂತ ಮಾತೂ ಇಲ್ಲ. ಲಾರೆನ್ಸ್ ಇಲ್ಫರ್ಡಿಂದ ಹೊರಟಿದ್ದಾರೆ. ಇವರು ಉಳಿದದ್ದೆಲ್ಲ ಕಾರಲ್ಲಿ ನೋಡಿ ನಾರ್ತ್ ಆಕ್ಟನ್ನಲ್ಲಿ ಅವರಿಗೆ ಕಾಯ್ತಾರೆ. ಅಲ್ಲಿಂದ ಫೋನ್ ಮಾಡ್ತಾರೆ. ಕೂಡಲೇ ಬಂದು ನಿಮ್ಮನ್ನು ಕರ್ಕೊಂಡು ಬರ್ಲಿಕ್ಕೆ ಹೇಳ್ತೇನೆ."

"ಬೇಡ," ಎಂದೆ. "ಲಾರೆನ್ಸ್ ಬಂದ ಮೇಲೆ ಇಬ್ಬರೂ ಒಟ್ಟಿಗೆ ಬರ್ಲಿ. ಎಷ್ಟು ಹೊತ್ತಾದ್ರೂ ಚಿಂತೆ ಇಲ್ಲ. ನಾನು ಇಲ್ಲಿ ಆರಾಮಾಗಿದ್ದೇನೆ."

ಆರಾಮೇನೂ ಇರಲಿಲ್ಲ. ಬೆಳಿಗ್ಗೆ ತಿಂದ ಎರಡು ಬ್ರೆಡ್ಡು ಯಾವಾಗಲೋ ಕರಗಿತ್ತು. ಬೆಂಚಿನ ಮೇಲೆ ಕುಳಿತು ಚಾಕಲೇಟು ತಿನ್ನುತ್ತ ಗೇಟು ಏಳುವುದನ್ನೂ ಬೀಳುವುದನ್ನೂ ನೋಡಿದೆ. ಒಬ್ಬ ಮನುಷ್ಯ ಕಳೆದುಹೋಗಿ ಇಷ್ಟು ಸಂತೋಷಪಟ್ಟದ್ದು ಇರಲಾರದು. ನಡುನಡುವೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ದಾರಿಯಲ್ಲಿ ಇಬ್ಬರೂ ಮತ್ತೆ ಹಳೆಯದನ್ನು ಕೆದಕಿ ಅರ್ಧದಲ್ಲೇ ಒಬ್ಬ ಇಳಿದು ಹೋದರೆ ಎಂಬ ಹೆದರಿಕೆಯೂ ಇತ್ತು.

ಎರಡು ಗಂಟೆಗೆ ಗೇಟಿನ ಆಚೆ ಒಂದು ಕೆಂಪು ಕಾರು ನಿಂತಿತು. ಗೇಟು ಏಳುವವರೆಗೆ ತಡೆಯಲಾರದೆ ಇಬ್ಬರೂ ಇಳಿದು ಅಲ್ಲಿಂದಲೇ ಕೈ ಬೀಸಿದರು, ಒಂದು ಬಾಗಿಲಿಂದ ಗಿಲ್ಬರ್ಟ್, ಇನ್ನೊಂದರಿಂದ ಲಾರೆನ್ಸ್. ನನ್ನ ಕಣ್ಣು ಒದ್ದೆಯಾಯಿತು, ಮುಚ್ಚಿಡುವುದೇನಿದೆ.

"ಎಂತ ಮಾಸ್ಟ್ರೇ, ನಮಗೆ ಪ್ರಪಂಚದ ನಕ್ಷೆ ಬಾಯಿಪಾಠ ಮಾಡಿಸಿದವರು ನೀವು!" ಎಂದ ಗಿಲ್ಬರ್ಟ್.

"ನಿನ್ನ ತಪ್ಪು. ಆಕ್ಟನ್ ಅಂತ ಮಾತ್ರ ಹೇಳಿದವ ನೀನು."

"ಇಲ್ಲಿಯವರಿಗೆ ಇದೇ ಆಕ್ಟನ್. ಬೇರೆ ಉಂಟು ಅಂತ ನೆನಪೇ ಆಗ್ಲಿಲ್ಲ."

"ಅಣ್ಣನಿಗೆ ಯಾವಾಗ್ಲೂ ತಾನಿದ್ದದ್ದೇ ಊರು," ಎಂದ ಲಾರೆನ್ಸ್. ಗಿಲ್ಬರ್ಟ್ ಅವನನ್ನೊಮ್ಮೆ ನೋಡಿ, "ಕಾರು ಹತ್ತು," ಎಂದ, ಅಷ್ಟೇ.

ಕಾರಿನಲ್ಲಿ ಅವರ ನಕ್ಷೆ ಬಿದ್ದಿತ್ತು. ಸ್ಟೇಷನ್ನುಗಳಲ್ಲಿ ಬಿಟ್ಟಿ ಸಿಗುವ ಮಡಿಸುವ ನಕ್ಷೆ. ಅದರಲ್ಲಿಲ್ಲದ ಮೇನ್ ಲೈನನ್ನು ಗಿಲ್ಬರ್ಟ್ ಕೈಯಲ್ಲೇ ಬರೆದು ಸೇರಿಸಿದ್ದ. ನೋಡಿ ಮುಗಿಸಿದ ಪ್ರತಿ ಆಕ್ಟನ್ನಿನ ಪಕ್ಕ ಕನ್ನಡ ಅಕ್ಷರದಲ್ಲಿ 'ನಾ' ಎಂದು ಬರೆದಿತ್ತು. ಕೊಂಕಣಿಯಲ್ಲಿ ನಾ ಎಂದರೆ ಇಲ್ಲ. ಲಾರೆನ್ಸ್ ಅದನ್ನು ತೊಡೆಯ ಮೇಲೆ ಹರಡಿಕೊಂಡು ಪೆನ್ನಿನಿಂದ ಏನೋ ಬರೆದ. ಮನೆ ಮುಟ್ಟಿದ ಮೇಲೆ ನಾನು ಕೇಳಿ ಇಸಿದುಕೊಂಡೆ.

ಮನೆಯಲ್ಲಿ ಗಿಲ್ಬರ್ಟನ ಆರು ವರ್ಷದ ಮಗಳು ಬಾಗಿಲು ತೆರೆದು, "ಕಳೆದುಹೋದವರು ಇವರೇನಾ?" ಎಂದು ಇಂಗ್ಲಿಷಿನಲ್ಲಿ ತಾಯಿಯನ್ನು ಕೇಳಿದಳು. ಸೌತ್‌ಹಾಲಿನಿಂದ ತಂದ ಬಾಳೆಲೆ ಹಾಸಿತ್ತು. ಹಬ್ಬಕ್ಕೆ ಮೀನು ಮಾಂಸ ಇಲ್ಲ, ತರಕಾರಿ ಬಗೆಗಳು ಬೆಸ ಸಂಖ್ಯೆಯಲ್ಲೇ ಇರಬೇಕು. ಡೀನಾ ಏಳು ಮಾಡಿದ್ದಳು. ಹರಿವೆ, ಬೆಂಡೆ, ಹೀರೆ, ಹಾಗಲ ಎಲ್ಲ ತಣ್ಣಗಾಗಿ ಕಾಯುತ್ತಿದ್ದವು, ಒಬ್ಬರೂ ಮುಟ್ಟಿರಲಿಲ್ಲ. ತೆನೆ ಕೊಟ್ಟೆ. ಅವಳು ಕಾಳು ಸುಲಿದು ಪುಡಿ ಮಾಡಿ ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸಿದಳು. ಒಂದೇ ಪಾತ್ರೆ. ಪ್ರಾರ್ಥನೆ ಮುಗಿದರೂ ಗಿಲ್ಬರ್ಟ್ ಚಮಚ ಹಿಡಿದು ಸುಮ್ಮನೆ ನಿಂತಿದ್ದ.

"ನೀವು ಶುರು ಮಾಡಿ ಅಣ್ಣ," ಎಂದ ಲಾರೆನ್ಸ್, ಎಲೆಯನ್ನೇ ನೋಡುತ್ತ. "ನೀವು ಕೊಡದೆ ನಾನು ಕುಡಿಯುವುದಿಲ್ಲ. ಆ ದಿನವೂ ಕಾಯ್ಬೇಕಿತ್ತು."

ಗಿಲ್ಬರ್ಟ್ ಮೊದಲ ಚಮಚವನ್ನು ತಮ್ಮನ ಬಾಯಿಗೇ ಕೊಟ್ಟ. ಎರಡನೆಯದು ನನಗೆ. ಕಾಳಿನ ರುಚಿ ತಿಳಿಯುವಷ್ಟಿರಲಿಲ್ಲ, ಬೆಲ್ಲದ್ದೇ ರುಚಿ. ಆಮೇಲೆ ಏಳು ಬಗೆಯನ್ನೂ ಎರಡೆರಡು ಸಲ ಬಡಿಸಿಕೊಂಡೆ.

ಅಕ್ಟೋಬರಿನಲ್ಲಿ ಊರಿಗೆ ಮರಳಿದ ದಿನ ಸಂಜೆ ಜುಲಿಯಾನಾ ಬಾಯಿಯ ಅಂಗಳಕ್ಕೆ ಹೋದೆ. ಮಲ್ಲಿಗೆ ಕಟ್ಟುತ್ತಿದ್ದರು. ಮಕ್ಕಳು ಫೋನಿನಲ್ಲಿ ಹೇಳಿದ್ದರೂ ಅವರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ತಾರೋ ಏನೋ," ಎಂದರು. ನಾನು ನಕ್ಷೆ ತೆಗೆದು ಕೊಟ್ಟೆ. ಅವರಿಗೆ ಇಂಗ್ಲಿಷ್ ಬಾರದು, ಬಣ್ಣದ ಗೆರೆಗಳು ಏನೆಂದು ಕೇಳಲೂ ಇಲ್ಲ. ಕನ್ನಡಕ ಏರಿಸಿ ಕೈಬರಹವನ್ನು ಮಾತ್ರ ಬೆರಳಿಟ್ಟು ಓದಿದರು.

"ನಾ... ನಾ... ಇದು ದೊಡ್ಡವನ ಅಕ್ಷರ. ಇದು ಸಣ್ಣವನದ್ದು, ಅವನದ್ದು ಯಾವಾಗ್ಲೂ ಸೊಟ್ಟ. ನಾ... ನಾ..." ಬೆರಳು ಆಕ್ಟನ್ ಸೆಂಟ್ರಲ್ಲಿನ ಹತ್ತಿರ ನಿಂತಿತು. ಅಲ್ಲಿ ಗಿಲ್ಬರ್ಟ್ ಬರೆದ 'ನಾ' ಮೇಲೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಸೊಟ್ಟ ಅಕ್ಷರದಲ್ಲಿ 'ಆಸಾ' ಎಂದಿತ್ತು. ಇದ್ದಾರೆ ಎಂದರ್ಥ.

ಬಾಯಿ ಆ ಗೆರೆಯ ಮೇಲೆ ಬೆರಳಾಡಿಸಿದರು.

"ದೊಡ್ಡವ ಬರೆದದ್ದನ್ನು ಸಣ್ಣವ ಹೊಡೆದು ತಿದ್ದಿದ್ದಾನೆ," ಎಂದರು. "ದೊಡ್ಡವ ಸುಮ್ಮನೆ ಬಿಟ್ಟನಾ ಮಾಸ್ಟ್ರೇ?"

"ಬಿಟ್ಟ," ಎಂದೆ.

ಅವರು ಎದ್ದು ಒಳಗೆ ಹೋಗಿ ದೇವರ ಪೀಠದಲ್ಲಿ ಸಿಕ್ಕಿಸಿದ್ದ ಈ ವರ್ಷದ ತೆನೆಯ ಹಿಂದೆ ನಕ್ಷೆಯನ್ನು ಮಡಿಸಿ ಇಟ್ಟರು.