ಹಳದಿ ಗೆರೆಯ ಒಳಗೆ

ನಮ್ಮ ಹೊಸೂರಿನ ಕಾರ್ಖಾನೆಯಲ್ಲಿ ಪ್ರತಿ ಮಿಷನ್ನಿನ ಸುತ್ತ ನೆಲದ ಮೇಲೆ ಹಳದಿ ಗೆರೆ ಎಳೆದಿರುತ್ತಾರೆ. ಆ ಮಿಷನ್ನಿನ ಕೆಲಸ ಕಲಿತವರು ಮಾತ್ರ ಗೆರೆ ದಾಟಬಹುದು. ನಾನು ವರ್ಷಗಟ್ಟಲೆ ಗೆರೆಯ ಹೊರಗೆ ನಿಂತು ಒಳಗಿನ ಮಿಷನ್ ಬಗ್ಗೆ ಪಾಠ ಹೇಳಿದವಳು. ಬಾಗಲೂರಿನವಳಾದ ನನಗೆ ಕನ್ನಡ, ತಮಿಳು, ತೆಲುಗು ಮೂರೂ ನೀರು ಕುಡಿದಷ್ಟು ಸಲೀಸು. ಹೊಸಬರು ಸೇರಿದಾಗಲೆಲ್ಲ ಮ್ಯಾನೇಜರು, "ನೀವಿದ್ದೀರಲ್ಲಮ್ಮಾ" ಎಂದು ತರಬೇತಿಯ ಕೆಲಸವನ್ನು ನನ್ನ ತಲೆಗೆ ಕಟ್ಟುತ್ತಿದ್ದರು. ಡಿಪ್ಲೊಮಾ ಓದಿದ್ದು ಮೋಟಾರು ಬಿಚ್ಚಿ ಜೋಡಿಸಲಿಕ್ಕೆ. ಮಾಡಿದ್ದು ಬರೀ ದುಭಾಷಿ ಕೆಲಸ.

ಈ ವರ್ಷ ಬ್ಯಾಟರಿ ಸ್ಕೂಟರಿನ ಮೋಟಾರು ಪರೀಕ್ಷಿಸುವ ಹೊಸ ಲೈನ್ ಬಂತು. ನನ್ನ ಕೈಯಲ್ಲಿ ಕಲಿತವನೊಬ್ಬ ಅದರ ಲೀಡರ್ ಆದ. ನೋಡೋಣವೆಂದು ಹತ್ತಿರ ಹೋದರೆ, "ಅಕ್ಕಾ, ಗೆರೆ ಆಚೆ ನಿಂತ್ಕಳಿ, ನಿಮ್ಗೆ ಇದು ಬರಲ್ಲ" ಅಂದ. ಅವನ ತಪ್ಪಿಲ್ಲ, ನಿಯಮ ಹೇಳಿದ. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಮನೆಗೆ ಬಂದು ಅವ್ವನ ಹತ್ತಿರ ಹೇಳಿಕೊಂಡೆ. "ಊರ್ಗೆಲ್ಲಾ ಬಡ್ಸಿ ನೀನು ಉಪಾಸ ಮನೀಕಂಡ್ರೆ ಯಾರ್ ಕೇಳ್ತಾರೆ ಕಣಮ್ಮಿ? ಬಾಯ್ಬುಟ್ಟು ಕೇಳು, ಹೋಗು" ಅಂದಳು.

ಈ ವರ್ಷ ಯಾರಿಗೆ ಯಾವ ಕೆಲಸ ಎಂದು ಹಂಚುವ ದಿನ, ಹೊಸ ಲೈನ್ ನನಗೆ ಬೇಕು ಎಂದು ಕೇಳಿಯೇಬಿಟ್ಟೆ. ಮ್ಯಾನೇಜರು ನಕ್ಕರು. "ಕಂಪನಿಗೆ ನೀವು ಬೇಕಿರೋದು ತರಬೇತಿಗಮ್ಮಾ. ಆ ಲೈನಿಗೆ ಹೊಸಬರು ಬರ್ತಿದ್ದಾರೆ, ಅವರಿಗೆ ಹೇಳಿಕೊಡೋರು ಯಾರು?"

"ನಾನೇ ಹೇಳಿಕೊಡ್ತೀನಿ ಸಾರ್. ಆದರೆ ಮೊದಲು ನನಗೆ ಕಲಿಸಿ. ನನಗೇ ಗೊತ್ತಿಲ್ಲದೆ ಹೇಳಿದರೆ ಒಂದು ತಪ್ಪು ಮೂರು ಭಾಷೆಯಲ್ಲಿ ಆಗುತ್ತೆ. ಲೈನ್ ಕೊಡಿ, ಅಲ್ಲೇ ನಿಂತು ಕಲಿಸ್ತೀನಿ. ಇಲ್ಲಾಂದ್ರೆ ಇವತ್ತಿನಿಂದ ನನಗೆ ಬರೋದು ಕನ್ನಡ ಒಂದೇ."

ಚೆನ್ನಾಗಿ ನಾಟಲೆಂದು ಈ ಕೊನೆಯ ಮಾತನ್ನು ಅಚ್ಚ ತಮಿಳಿನಲ್ಲಿ ಹೇಳಿದೆ. ಪಕ್ಕದಲ್ಲಿದ್ದವರು ಕೆಮ್ಮಿದರು. ಕೆಲಸ ಹೋದರೆ ಹೋಗಲಿ, ಇನ್ನು ಹೊರಗೆ ನಿಲ್ಲುವವಳಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದೆ. ಮ್ಯಾನೇಜರು ಪೆನ್ನನ್ನು ಮೇಜಿಗೆ ಕುಟ್ಟಿ, "ಆಯ್ತು, ಎರಡೂ ನಿಮ್ಮ ತಲೆ ಮೇಲೆ" ಅಂದರು. ಒಪ್ಪಿದರೋ ಬೆದರಿಸಿದರೋ, ನಾನಂತೂ ಆ ಮಾತನ್ನು ಭದ್ರವಾಗಿ ಹಿಡಿದುಕೊಂಡೆ.

ನಾನು ಕಲಿಸಿದವನೇ ನನಗೆ ಕಲಿಸಿದ. ಅವನ ಕೈಲಿ ಅನ್ನಿಸಿಕೊಂಡೆ, ಎರಡು ಮೋಟಾರು ಸುಟ್ಟೆ, ಕಲಿತೆ. ಆಮೇಲೆ ಬಂದ ಹೊಸಬರಿಗೆ ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಪಾಠ ಮಾಡಿದೆ.

ಮೊನ್ನೆ ಮ್ಯಾನೇಜರು ಹೊರಗಿನಿಂದ ಬಂದ ಯಾರೋ ದೊಡ್ಡವರನ್ನು ಕರೆತಂದರು. "ಸ್ವಲ್ಪ ಈಚೆ ಬಂದು ಇವರಿಗೆ ವಿವರಿಸಿ ಅಮ್ಮಾ" ಎನ್ನುತ್ತ ತಾವೇ ಗೆರೆ ದಾಟಿ ಒಂದು ಹೆಜ್ಜೆ ಮುಂದಿಟ್ಟರು. ಮೋಟಾರು ತಿರುಗುತ್ತಿತ್ತು.

"ಸಾರ್, ಗೆರೆ ಆಚೆ ನಿಂತ್ಕಳಿ" ಎಂದೆ. "ಇಲ್ಲಿಂದ್ಲೇ ಹೇಳ್ತೀನಿ."