ಹಬ್ಬದ ನೀರು ಕುಡಿದ ತೊಟ್ಟಿ

ಆಯುಧಪೂಜೆ ಬಂತೆಂದರೆ ಪೀಣ್ಯದಲ್ಲಿ ಯಂತ್ರಗಳಿಗೂ ಅಭ್ಯಂಜನ. ನಮ್ಮ ರಸ್ತೆಗೆ ಮೆಟ್ರೊ ಕಂಬಗಳು ಇನ್ನೂ ಬಂದಿರದ ಕಾಲ. ನಿಕ್ಕಲ್ ಲೇಪನ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಕೆಮಿಸ್ಟ್. ನಿಕ್ಕಲ್ ನೀರಿಗೆ ಒಂದು ಗುಂಡಿ, ಕ್ಯಾಂಟೀನು ಬಚ್ಚಲಿನ ನೀರಿಗೆ ಬೇರೊಂದು ತೊಟ್ಟಿ. ಆ ತೊಟ್ಟಿಯಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಇದ್ದವು. ಸಗಣಿ, ಬೆಲ್ಲ ಹಾಕಿ ಬೆಳೆಸಿದವಳು ನಾನೇ, ಹಾಗಾಗಿ ಅವು ನನ್ನವು.

ಆ ವರ್ಷ ಪೂಜೆಯ ಮುನ್ನಾದಿನ ನಾನು ರಜೆಯಲ್ಲಿದ್ದೆ. ಕೊಪ್ಪಳದ ಕಡೆಯ ಒಬ್ಬ ಲೇಪನದ ಕೆಲಸಗಾರ ನಿಕ್ಕಲ್ ಮೆತ್ತಿದ ಕೊಕ್ಕೆ, ಬುಟ್ಟಿ, ಡ್ರಮ್ಮು ಎಲ್ಲವನ್ನೂ ಅಂಗಳಕ್ಕೆ ತಂದು, ದೇವರ ಪಟದ ಮುಂದೆಯೇ ಬರಿಗೈಯಲ್ಲಿ ಉಜ್ಜಿ ಉಜ್ಜಿ ತೊಳೆದಿದ್ದ. ದೇವರಿಗೆ ಕೊಳಕು ತೋರಿಸಬಾರದಲ್ಲ! ಅಂಗಳದ ಮೋರಿ ಮಾತ್ರ ನನ್ನ ತೊಟ್ಟಿಗೇ ಹೋಗುತ್ತಿತ್ತು.

ಹಬ್ಬ ಮುಗಿಸಿ ಬಂದು ನೋಡಿದರೆ ನೊರೆ, ನಾತ. ಮೈಕ್ರೋಸ್ಕೋಪಿನ ಕೆಳಗೆ ಹೆಚ್ಚುಕಡಿಮೆ ಒಂದೂ ಮಿಸುಕುತ್ತಿರಲಿಲ್ಲ. ನನಗೆ ಸಿಟ್ಟಿಗಿಂತ ಮೊದಲು ಅಳು ಬಂತು.

"ಕಣ್ಣಿಗೆ ಕಾಣದ ಹುಳಕ್ಕೆಲ್ಲ ಅಳ್ತಾರಾ ಮೇಡಂ?" ಎಂದರು ಮಾಲೀಕರು. "ತೊಟ್ಟಿ ತೊಳಸ್ಬಿಟ್ಟು ಹೊಸದಾಗಿ ಸಗಣಿ ಹಾಕ್ಸಿ."

ದೀಪಾವಳಿಗೆ ಮೊದಲು ಆ ನೀರು ಮಾಲಿನ್ಯ ಮಂಡಳಿಯ ಪರೀಕ್ಷೆಗೆ ಹೋಗಬೇಕಿತ್ತು. ಕೆಟ್ಟಿದೆ ಎಂದು ಬಂದರೆ ಕಾರ್ಖಾನೆಗೆ ಬೀಗ, ಕೆಲಸಗಾರರೆಲ್ಲ ಊರಿಗೆ. ಆದರೂ ನಾನು ಒಪ್ಪಲಿಲ್ಲ. ಮೋರಿಯ ಕೆಸರಿನಲ್ಲಿ ನಿಕ್ಕಲ್ ಇನ್ನೂ ಕೂತಿತ್ತು, ಹೊಸ ಬ್ಯಾಕ್ಟೀರಿಯಾ ಅದಕ್ಕೆ ತಡೆಯುತ್ತಿರಲಿಲ್ಲ. ವಿಷದಲ್ಲಿ ಅಲ್ಲಿ ಇಲ್ಲಿ ಉಳಿದುಕೊಂಡವೇ ನಮಗೆ ಗತಿ.

ಅವುಗಳ ಉಪಾಯ ನನಗೆ ಇವತ್ತಿಗೂ ಸೋಜಿಗ. ಸುಖದ ದಿನಗಳಲ್ಲಿ ಅವು ಅಮೈನೋ ಆಮ್ಲಗಳಿಂದ ಮೈ ಕಟ್ಟಿಕೊಳ್ಳುತ್ತವೆ. ಲೋಹ ಒಳನುಗ್ಗಿದಾಗ ಸಿಸ್ಟೀನ್ ಎಂಬ, ಗಂಧಕವಿರುವ ಅಮೈನೋ ಆಮ್ಲವನ್ನು ಹೆಚ್ಚು ಹೆಚ್ಚು ತಯಾರಿಸಿ, ಅದರಿಂದಾದ ಪುಟ್ಟ ಅಣುಗಳಲ್ಲಿ ವಿಷವನ್ನು ಕಟ್ಟಿಹಾಕುತ್ತವೆ. ಮೊದಲು ಬದುಕು, ಬೆಳವಣಿಗೆಯೆಲ್ಲ ಆಮೇಲೆ. ಹೊಟ್ಟೆಗೆ ಸಿಗದಿದ್ದರೆ ಅದೂ ಆಗದು. ಬೆಲ್ಲದ ನೀರು, ಒಂದಿಷ್ಟು ಯೂರಿಯಾ ಹಾಕಿ, ತೊಟ್ಟಿಗೆ ಊದುವ ಗಾಳಿ ನಿಲ್ಲದಂತೆ ಬಾಣಂತನ ಮಾಡಿದೆ.

ನೊರೆ ಇಳಿಯಿತು. ಪರೀಕ್ಷೆಯಲ್ಲಿ ನೀರು ಹೇಗೋ ಪಾಸಾಯಿತು.

ಮಾಲೀಕರು ಮೈಸೂರುಪಾಕು ಹಂಚುತ್ತಾ ತೊಟ್ಟಿಯ ಹತ್ತಿರ ಬಂದರು. ಕೊಪ್ಪಳದವನೂ ಅಲ್ಲೇ ನಿಂತಿದ್ದ. "ನೋಡಿದ್ರಾ ಮೇಡಂ, ಸುಮ್ನೆ ಅತ್ರಿ. ಎಲ್ಲಾ ಅಭ್ಯಾಸ ಆಗೋಗುತ್ತೆ," ಎಂದರು ಮಾಲೀಕರು.

ನನ್ನ ಬಾಯಿ ಮೊದಲೇ ಚೂಪು. "ಅಭ್ಯಾಸ ಆಗಿದ್ದಲ್ಲ ಸಾರ್. ತಡಕೊಳ್ಳೋಕೆ ಆಗದೇ ಇದ್ದವು ಸತ್ತೋದ್ವು. ಉಳಿದವು ತಿಂದಿದ್ದನ್ನೆಲ್ಲ ವಿಷಕ್ಕೇ ಸುರೀತಿವೆ. ಅದಕ್ಕೇ ಇನ್ನೂ ಬಡಕಲು."

ಮಾಲೀಕರು ಸಿಹಿಗೆಂದು ಚಾಚಿದ್ದ ಕೆಲಸಗಾರನ ಕೈಯನ್ನು ನೋಡುತ್ತಿದ್ದರು. ಬೆರಳ ಸಂದುಗಳೆಲ್ಲ ಕೆಂಪಗೆ ಒಡೆದು, ಕೆರೆದು ಕೆರೆದು ಹಕ್ಕಳೆಗಟ್ಟಿದ್ದವು.

"ಏನೋ ಇದು?"

ಅವನು ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡ.

"ಏನಿಲ್ರೀ ಸರ. ನಮಗ ರೂಢಿ ಆಗೈತ್ರಿ."